ವಿಲ್ಲೋ, ದಾನಪತ್ರವೋ, ಪಾಲುಪತ್ರವೋ: ಮೈಸೂರು-ಮಂಡ್ಯದ ಮನೆಗಳಿಗೊಂದು ಹೋಲಿಕೆ

"ಮಕ್ಕಳ ಹೆಸರಿಗೆ ಮಾಡಿಬಿಡೋಣ ಅಂತಿದ್ದೀವಿ. ವಿಲ್ ಮಾಡಿಸೋದಾ, ಇಲ್ಲ ಗಿಫ್ಟ್ ಡೀಡಾ?" ಆಸ್ತಿ ವಿಚಾರದಲ್ಲಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಕುವೆಂಪುನಗರದಲ್ಲಿ ಮನೆ ಕಟ್ಟಿಕೊಂಡ ನಿವೃತ್ತ ಮೇಷ್ಟ್ರು ಕೇಳುವುದೂ ಇದನ್ನೇ. ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿ ಎರಡು ಎಕರೆ ಗದ್ದೆ ಇರುವವರು ಕೇಳುವುದೂ ಇದನ್ನೇ. ಪ್ರಶ್ನೆ ಒಂದೇ ಆದರೂ ಉತ್ತರ ಒಂದಲ್ಲ. ಮೇಷ್ಟ್ರ ಮನೆ ಅವರ ಸಂಬಳದಲ್ಲಿ ಎದ್ದದ್ದು. ಗದ್ದೆಯ ಪಹಣಿ ಬಹುಶಃ ಇನ್ನೂ ತಾತನ ಹೆಸರಿನಲ್ಲೇ ಇದೆ. ಒಬ್ಬರಿಗೆ ಚೆನ್ನಾಗಿ ಹೊಂದುವ ಪತ್ರ ಇನ್ನೊಬ್ಬರ ಮನೆಯಲ್ಲಿ ಇಪ್ಪತ್ತು ವರ್ಷದ ಕೇಸಾಗಬಹುದು.

ನನ್ನ ಪಕ್ಷಪಾತ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ವಾಸವಿರುವ ಮನೆಯನ್ನು ಬದುಕಿರುವಾಗಲೇ ಬರೆದುಕೊಡುವುದಕ್ಕೆ ನಾನು ಸುಲಭವಾಗಿ ಒಪ್ಪುವವನಲ್ಲ. ಕೆಳಗಿನದನ್ನು ಓದುವಾಗ ಅದು ನೆನಪಿರಲಿ.

ಎಲ್ಲಕ್ಕಿಂತ ಮೊದಲು: ಆಸ್ತಿ ಯಾರದ್ದು?

ನಿಮ್ಮ ದುಡಿಮೆಯಿಂದ ಕೊಂಡದ್ದು, ನಗರಾಭಿವೃದ್ಧಿ ಪ್ರಾಧಿಕಾರದಿಂದ ನಿಮ್ಮ ಹೆಸರಿಗೆ ಮಂಜೂರಾದ ಸೈಟು, ನಿಮಗೆ ಯಾರೋ ದಾನ ಕೊಟ್ಟದ್ದು: ಇವು ಸ್ವಯಾರ್ಜಿತ. ಇವನ್ನು ಯಾರಿಗೆ ಬೇಕಾದರೂ ಕೊಡಬಹುದು. ಮಗ ಕೇಳುವ ಹಾಗಿಲ್ಲ, ಮಗಳು ಕೇಳುವ ಹಾಗಿಲ್ಲ.

ಪಿತ್ರಾರ್ಜಿತ ಬೇರೆ ಲೆಕ್ಕ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಮದುವೆಯಾಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಆ ದಿನ ತಂದೆ ಬದುಕಿರಬೇಕಿತ್ತಾ ಎಂಬ ತಕರಾರು ಬಹಳ ಕಾಲ ಎಳೆದಾಡಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಬೇಕಿಲ್ಲ' ಎಂದು ಅದಕ್ಕೆ ತೆರೆ ಎಳೆಯಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರ ಅಥವಾ ಪಾಲಿನ ಕೋರ್ಟ್ ಡಿಕ್ರಿ ಇದ್ದರೆ ಮಾತ್ರ ಅದು ಹಾಗೇ ನಿಲ್ಲುತ್ತದೆ. "ಆಗಲೇ ಬಾಯಿಮಾತಿನಲ್ಲಿ ಭಾಗ ಆಗಿತ್ತು" ಎಂದರೆ ಕೋರ್ಟ್ ಅಷ್ಟು ಸುಲಭವಾಗಿ ನಂಬುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಲ್ಲ. ತಾತನ ಸ್ವಂತ ಸಂಪಾದನೆಯ ಜಮೀನು, ಅವರು 1956ರಲ್ಲಿ ಆ ಕಾಯ್ದೆ ಬಂದ ನಂತರ ವಿಲ್ ಇಲ್ಲದೆ ತೀರಿಕೊಂಡ ಮೇಲೆ ನಿಮ್ಮ ತಂದೆಗೆ ಬಂದಿದ್ದರೆ, ಅದು ತಂದೆಯ ಕೈಯಲ್ಲಿ ಸ್ವಂತ ಆಸ್ತಿಯಂತೆಯೇ. ಹಾಗಾಗಿ ಹಳೆಯ ಕ್ರಯಪತ್ರ, ಮಂಜೂರಾತಿ ಆದೇಶ, ತಾತನ ಮರಣದ ದಿನಾಂಕ ಇವನ್ನು ಹುಡುಕಿಟ್ಟುಕೊಂಡೇ ವಕೀಲರ ಹತ್ತಿರ ಹೋಗಿ. ಈ ಒಂದು ಉತ್ತರ ತಪ್ಪಾದರೆ ಮುಂದಿನ ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಇದೆಲ್ಲ ಹಿಂದೂ ಕುಟುಂಬಗಳ ಮಾತು. ಮುಸ್ಲಿಂ ಕುಟುಂಬಗಳಲ್ಲಿ ವಿಲ್ ಮೂಲಕ ಕೊಡಬಹುದಾದದ್ದು ಮೂರನೇ ಒಂದು ಭಾಗ. ಅದಕ್ಕಿಂತ ಹೆಚ್ಚು ಕೊಡಲು ಅಥವಾ ವಾರಸುದಾರರಲ್ಲೇ ಒಬ್ಬರಿಗೆ ಬರೆಯಲು ಉಳಿದವರ ಒಪ್ಪಿಗೆ ಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯ.

ಯಾವುದರಿಂದ ಅಳೆಯುವುದು?

ಯಾವ ಪತ್ರವಾದರೂ ಸರಿ, ಅದಕ್ಕೆ ನಾನು ಕೇಳುವ ಪ್ರಶ್ನೆಗಳು ಇವು. ಹಕ್ಕು ನನ್ನ ಕೈಯಿಂದ ಯಾವಾಗ ಹೋಗುತ್ತದೆ, ಇವತ್ತೇನಾ, ನಾನು ಹೋದ ಮೇಲಾ? ನಾಳೆ ಮನಸ್ಸು ಬದಲಾದರೆ ವಾಪಸ್ ಪಡೆಯಬಹುದಾ? ಈಗ ನನಗೆಷ್ಟು ಖರ್ಚು, ಮುಂದೆ ಮಕ್ಕಳಿಗೆಷ್ಟು? ಮನೆಯವರೇ ಒಬ್ಬರು ಕೋರ್ಟಿಗೆ ಹೋದರೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ? ಕೊನೆಗೆ, ಖಾತೆ, ಅಂದರೆ ಕಂದಾಯ ದಾಖಲೆಯಲ್ಲಿನ ಹೆಸರು, ಬದಲಾವಣೆ ಎಷ್ಟು ಸಲೀಸು?

ತೆರಿಗೆಯನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ಅಪ್ಪ-ಅಮ್ಮನಿಂದ ಮಕ್ಕಳಿಗೆ ಬರುವ ದಾನಕ್ಕೆ ಆದಾಯ ತೆರಿಗೆ ಇಲ್ಲ, ವಿಲ್ ಮೂಲಕ ಬಂದದ್ದಕ್ಕೂ ಇಲ್ಲ. "ಟ್ಯಾಕ್ಸ್ ಉಳಿಯುತ್ತೆ, ಈಗಲೇ ಗಿಫ್ಟ್ ಮಾಡಿ" ಎಂದು ಯಾರಾದರೂ ಅವಸರ ಮಾಡಿದರೆ ಕಾರಣ ಬೇರೇನೋ ಇದೆ ಎಂದೇ ತಿಳಿಯಿರಿ.

ಏನೂ ಮಾಡದೆ ಬಿಡುವುದು

ಇದೂ ಒಂದು ಆಯ್ಕೆ. ನಮ್ಮ ಕಡೆ ಹೆಚ್ಚಿನವರು ಮಾಡುವುದು ಇದನ್ನೇ. ವಿಲ್ ಇಲ್ಲದೆ ಗಂಡಸು ತೀರಿಕೊಂಡರೆ ಅವರ ಸ್ವಂತ ಆಸ್ತಿ ಹೆಂಡತಿಗೆ, ಗಂಡು-ಹೆಣ್ಣು ಎಲ್ಲ ಮಕ್ಕಳಿಗೆ, ತಾಯಿ ಇದ್ದರೆ ತಾಯಿಗೂ ಸಮಪಾಲಾಗಿ ಹೋಗುತ್ತದೆ. ಈ ತಾಯಿಯ ಪಾಲನ್ನು ಎಷ್ಟೋ ಜನ ಮರೆತೇ ಬಿಡುತ್ತಾರೆ.

ಈಗಿನ ಖರ್ಚು ಸೊನ್ನೆ. ಆಮೇಲೆ ಮನೆಯವರು ಮರಣ ಪ್ರಮಾಣಪತ್ರ ಮಾಡಿಸಬೇಕು, ನಾಡಕಚೇರಿಯಿಂದ ವಂಶವೃಕ್ಷ ತರಬೇಕು, ಜಮೀನಾದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಹಾಕಬೇಕು. ಎಲ್ಲರೂ ಒಪ್ಪಿದ್ದರೆ ಇದು ದೊಡ್ಡ ಕೆಲಸವೇನಲ್ಲ. ಪಹಣಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ.

ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಜಂಟಿ ಖಾತೆಯ ಜಮೀನನ್ನು ಮಾರಲು, ಬ್ಯಾಂಕಿನಲ್ಲಿ ಒತ್ತೆ ಇಡಲು ಎಲ್ಲರ ಸಹಿ ಬೇಕು. ಒಬ್ಬ ತಮ್ಮ ದುಬೈನಲ್ಲಿ, ಒಬ್ಬ ಅಕ್ಕ ಮುನಿಸಿಕೊಂಡು ಶಿವಮೊಗ್ಗದಲ್ಲಿ ಇದ್ದರೆ ಕೆಲಸ ಅಲ್ಲಿಗೇ ನಿಂತಿತು. ಅವರಲ್ಲೊಬ್ಬರು ತೀರಿಕೊಂಡರೆ ಅವರ ಮಕ್ಕಳೂ ಸೇರಿಕೊಳ್ಳುತ್ತಾರೆ. ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ಹತ್ತು ಗುಂಟೆಗೆ ಹದಿನೈದು ಹೆಸರು. ಇನ್ನೊಂದು ವಿಷಯ: ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಅದು ಕಂದಾಯದ ದಾಖಲೆ ಅಷ್ಟೇ. ಅಣ್ಣ ಒಬ್ಬನ ಹೆಸರಿಗೆ ಪೌತಿ ಖಾತೆ ಆಗಿದ್ದರೂ ತಂಗಿಯ ಪಾಲು ಎಲ್ಲೂ ಹೋಗಿರುವುದಿಲ್ಲ.

ಒಂದೇ ಮಗು, ಒಂದೇ ಮನೆ, ಖಾತೆ ಸರಿಯಾಗಿದೆ ಎಂದರೆ ಏನೂ ಮಾಡದಿದ್ದರೂ ದೊಡ್ಡ ಅಪಾಯವಿಲ್ಲ. ಉಳಿದವರು ಹೀಗೆ ಬಿಡಬಾರದು.

ನಾಮಿನಿ ಇದ್ದರೆ ಸಾಕಾ?

ಸಾಲದು. ಬ್ಯಾಂಕಿನ ಹಣ ಯಾರ ಕೈಗೆ ಕೊಡಬೇಕು ಎಂದು ನಾಮಿನೇಷನ್ ಹೇಳುತ್ತದೆ. ಆ ಹಣ ಕೊನೆಗೆ ಯಾರದ್ದು ಎಂದು ಅದು ಹೇಳುವುದಿಲ್ಲ. ಷೇರುಗಳ ವಿಷಯದಲ್ಲೂ ಇದೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ಅಪ್ಪ-ಅಮ್ಮ ನಾಮಿನಿ ಆಗಿದ್ದರೆ ಹಣ ಅವರಿಗೇ ಸೇರುತ್ತದೆ.

ಹಾಗಂತ ನಾಮಿನೇಷನ್ ಬಿಡಬೇಡಿ. ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಅನುಕೂಲ ಅದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ನಾಮಿನಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಲ್ಲಿ ಒಂದು ಮಿತಿ ಇದೆ: ಸಾಮಾನ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿ. ಅಲ್ಲಿಯವರೆಗೆ, ತಕರಾರಿಲ್ಲದಿದ್ದರೆ, ಕೋರ್ಟಿಗೆ ಅಲೆಯದೆ ಸರಳ ಕಾಗದಪತ್ರದ ಮೇಲೆ ಹಣ ಸಿಗಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕೋರ್ಟಿನ ಕಾಗದ ಕೇಳಬಹುದು. ನಮ್ಮ ಕಡೆ ಎಷ್ಟೋ ಜನರ ದುಡ್ಡು ಊರಿನ ಸಹಕಾರಿ ಬ್ಯಾಂಕಿನಲ್ಲೇ ಇರುತ್ತದೆ, ಅಲ್ವಾ? ಅಲ್ಲಿ ನಾಮಿನಿ ಹೆಸರು ಸರಿಯಾಗಿದೆಯಾ ಎಂದು ಮೊದಲು ನೋಡಿ. ಮದುವೆಗೆ ಮುಂಚೆ ಅಮ್ಮನ ಹೆಸರು ಹಾಕಿದ್ದು ಹಾಗೇ ಉಳಿದಿರುತ್ತದೆ.

ವಿಲ್

ನನ್ನ ಪ್ರಶ್ನೆಗಳಿಗೆ ವಿಲ್ ಕೊಡುವ ಉತ್ತರ ಹೀಗಿದೆ. ಹಕ್ಕು ನೀವು ಹೋಗುವವರೆಗೂ ನಿಮ್ಮದೇ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಮುದ್ರಾಂಕ ಶುಲ್ಕ ಇಲ್ಲ, ಬಿಳಿ ಹಾಳೆಯಲ್ಲೇ ಬರೆಯಬಹುದು. ಖಾತೆ ಸರಿಯಿಲ್ಲ, ಇ-ಖಾತಾ ಬಂದಿಲ್ಲ ಎಂಬ ಕಾರಣಕ್ಕೆ ಬರೆಯುವುದನ್ನು ಮುಂದೂಡಬೇಕಿಲ್ಲ. ಇಷ್ಟು ಅಗ್ಗವಾಗಿ ಇಷ್ಟು ಕೆಲಸ ಮಾಡುವ ಇನ್ನೊಂದು ಕಾಗದ ಇಲ್ಲ.

ದುರ್ಬಲ ಜಾಗ ಒಂದೇ. ಅದನ್ನು ಸಾಬೀತು ಮಾಡುವ ಹೊತ್ತಿಗೆ ಬರೆದವರು ಇರುವುದಿಲ್ಲ. ಇದರ ಬಗ್ಗೆ ಇಡೀ ದೇಶದ ಕೋರ್ಟುಗಳು ಇವತ್ತಿಗೂ ಎತ್ತಿ ಹೇಳುವ 1958ರ ತೀರ್ಪು ಹೋಗಿದ್ದು ಮೈಸೂರಿನಿಂದಲೇ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನ ಪ್ರಕರಣ ಅದು. ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದ್ದರ ಸಾರ ಇಷ್ಟು: ವಿಲ್ ಸುತ್ತ ಅನುಮಾನ ಹುಟ್ಟಿಸುವ ಸಂದರ್ಭಗಳಿದ್ದರೆ, ಅವನ್ನು ತೊಡೆದುಹಾಕುವ ಹೊಣೆ ವಿಲ್ ತೋರಿಸುವವರದ್ದೇ. ಸಹಿ ನಡುಗಿದ್ದರೆ, ಬರೆದವರ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ಮಾತಿದ್ದರೆ, ಹತ್ತಿರದವರನ್ನು ಕಾರಣವಿಲ್ಲದೆ ಕೈಬಿಟ್ಟಿದ್ದರೆ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಕೋರ್ಟ್ ಕಣ್ಣರಳಿಸಿ ನೋಡುತ್ತದೆ. ಆ ಪ್ರಕರಣದಲ್ಲಿ ವಿಲ್ ನಿಲ್ಲಲಿಲ್ಲ.

ಹಾಗಾಗಿ ಮನೆಯಲ್ಲಿ ತಕರಾರಿನ ವಾಸನೆ ಇದ್ದರೆ ಇಷ್ಟು ಮಾಡಿ. ಇಬ್ಬರು ಸಾಕ್ಷಿಗಳು ಕಾನೂನಿಗೆ ಬೇಕೇ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗುವುದು ಬೇಡ. ನಿಮಗಿಂತ ಚಿಕ್ಕವರು, ಊರಲ್ಲೇ ಇರುವವರು ಆಗಲಿ. ವಿಲ್ ಕೋರ್ಟ್ ಮೆಟ್ಟಿಲೇರಿದರೆ ಅವರಲ್ಲಿ ಕನಿಷ್ಠ ಒಬ್ಬರು ಬಂದು ಹೇಳಿಕೆ ಕೊಡಬೇಕು. ವಯಸ್ಸು ಹೆಚ್ಚಾಗಿದ್ದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಒಬ್ಬ ಮಗನಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಎರಡು ಸಾಲು ಬರೆಯಿರಿ: "ಅವನ ಓದಿಗೆ, ಸೈಟಿಗೆ ಆಗಲೇ ಕೊಟ್ಟಿದ್ದೇನೆ." ವಿಲ್ ಜಾರಿ ಮಾಡಲು ಒಬ್ಬರನ್ನು ಎಕ್ಸಿಕ್ಯೂಟರ್ ಎಂದು ಹೆಸರಿಸಿ.

ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ ಎನ್ನುತ್ತೇನೆ. ಶುಲ್ಕ ತೀರಾ ಕಡಿಮೆ. ಕಾಗದ ಕಳೆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಇರುತ್ತದೆ. ಹಾಸಿಗೆ ಹಿಡಿದವರಿದ್ದರೆ ಅಧಿಕಾರಿಯೇ ಮನೆಗೆ ಬಂದು ನೋಂದಣಿ ಮಾಡುವ ಅವಕಾಶ ಕಾಯ್ದೆಯಲ್ಲಿದೆ. ಏನು ಬರೆದಿದ್ದೀರಿ ಎಂಬುದು ಯಾರಿಗೂ ಗೊತ್ತಾಗಬಾರದು ಎಂದಿದ್ದರೆ, ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಠೇವಣಿ ಇಡಬಹುದು. ಈ ದಾರಿ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

ಆದರೆ ನೋಂದಣಿಯಾದದ್ದೇ ಬ್ರಹ್ಮಲಿಪಿ ಅಂದುಕೊಳ್ಳಬೇಡಿ. ಅದರ ಮೇಲೂ ತಕರಾರು ಹಾಕಬಹುದು. ಸರಿಯಾಗಿ ಸಹಿ, ಸಾಕ್ಷಿ ಇರುವ ಕೊನೆಯ ವಿಲ್ ನಡೆಯುತ್ತದೆ, ಅದು ನೋಂದಣಿಯಾಗಿರದಿದ್ದರೂ ಸರಿ. ಖಾತೆ ಮಾಡಿಸುವಾಗ ಯಾರಾದರೂ ತಕರಾರು ಕೊಟ್ಟರೆ, ವಿಲ್ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು. ಇಡೀ ಜಮೀನಿಗೆ ಬರೆದರೆ ಆ ಹೆಚ್ಚಿನ ಭಾಗ ಸುಮ್ನೆ ಕಾಗದ.

ದಾನಪತ್ರ

ಗಿಫ್ಟ್ ಡೀಡಿನ ದೊಡ್ಡ ಗುಣ, ಇವತ್ತೇ ಮುಗಿಯುತ್ತದೆ. ನೋಂದಣಿ ಕಡ್ಡಾಯ. ಪಡೆಯುವವರು ನೀವು ಬದುಕಿರುವಾಗಲೇ ಒಪ್ಪಿಕೊಳ್ಳಬೇಕು. ಆಮೇಲೆ ಖಾತೆ ಅವರ ಹೆಸರಿಗೆ. ನಿಮ್ಮ ಕಣ್ಣೆದುರೇ ಎಲ್ಲ ನಡೆಯುವುದರಿಂದ ನಾಳೆ ಕೋರ್ಟಿನಲ್ಲಿ ಅಲ್ಲಾಡಿಸುವುದು ವಿಲ್‌ಗಿಂತ ಕಷ್ಟ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲಲ್ಲ, ಕೆಲವು ಸಾವಿರ ರೂಪಾಯಿಯ ನಿಗದಿತ ಮೊತ್ತ. ನಗರಪಾಲಿಕೆ, ಪಟ್ಟಣ, ಹಳ್ಳಿ ಎಂದು ದರ ಬೇರೆ ಬೇರೆ. ಕುಟುಂಬ ಅಂದರೆ ಯಾರ್ಯಾರು ಎಂಬ ಪಟ್ಟಿ ಕಾಯ್ದೆಯಲ್ಲೇ ಇದೆ. ಅದರಿಂದಾಚೆ ಹೋದರೆ ಕ್ರಯದಂತೆಯೇ ಬೆಲೆಯ ಮೇಲೆ ಶೇಕಡಾವಾರು ಶುಲ್ಕ. ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿದೆ.

ದೊಡ್ಡ ದೋಷವೂ ಅದೇ, ಇವತ್ತೇ ಮುಗಿಯುತ್ತದೆ. ಕೊಟ್ಟ ಮೇಲೆ ಮನಸ್ಸು ಬದಲಾಯಿತು ಎಂದು ಒಬ್ಬರೇ ಹೋಗಿ ರದ್ದು ಮಾಡಲು ಬರುವುದಿಲ್ಲ. ಮಗ ಆ ಮನೆಯನ್ನು ಒತ್ತೆ ಇಡಬಹುದು, ಮಾರಬಹುದು. ಮಗನೇ ಮೊದಲು ತೀರಿಕೊಂಡರೆ ಮನೆ ಅವನ ಹೆಂಡತಿ-ಮಕ್ಕಳಿಗೆ ಹಂಚಿಹೋಗುತ್ತದೆ. ಅವನ ತಾಯಿಗೆ ಒಂದು ಪಾಲು ಸಿಕ್ಕೀತು, ತಂದೆಗೆ ಅದೂ ಇಲ್ಲ. ಇದನ್ನು ಯಾರೂ ಯೋಚಿಸಿರುವುದಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮ್ಮ ಎರಡು ಜಿಲ್ಲೆಗಳಲ್ಲಿ ಅಂದರೆ ಮೈಸೂರು, ಹುಣಸೂರು, ಮಂಡ್ಯ, ಪಾಂಡವಪುರ ಉಪವಿಭಾಗಗಳು. ಆ ಷರತ್ತು ಪತ್ರದಲ್ಲೇ ಇರಲಿ. "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಎಂಬ ಸಿದ್ಧ ಮಾದರಿಯ ಸಾಲು ಮಾತ್ರ ಇದ್ದರೆ ಆಮೇಲೆ ಷರತ್ತು ಇತ್ತು ಎಂದು ವಾದಿಸುತ್ತಾ ಕೂರಬೇಕಾಗುತ್ತದೆ. ಊಟ, ವಸತಿ, ಔಷಧಿ ಖರ್ಚು ಎಂದು ಬಿಡಿಸಿ ಬರೆಸಿ. ನಾವಿಬ್ಬರೂ ಇರುವವರೆಗೆ ವಾಸದ ಹಕ್ಕು, ಬಾಡಿಗೆ ನಮ್ಮದೇ ಎಂದೂ ಸೇರಿಸಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಪತ್ರ ಬರೆಯುವವರು "ಅದೆಲ್ಲ ಯಾಕೆ ಸ್ವಾಮಿ, ಮಗ ತಾನೆ" ಎಂದರೆ ಬೇರೆಯವರ ಹತ್ತಿರ ಬರೆಸಿ.

ಅಮೆರಿಕದಲ್ಲೋ ಜರ್ಮನಿಯಲ್ಲೋ ನೆಲೆಸಿದ ಮಕ್ಕಳಿರುವ ಮೈಸೂರಿನ ಮನೆಗಳು ಒಂದು ವಿಷಯ ತಿಳಿದಿರಬೇಕು. ಅನಿವಾಸಿಗಳಿಗೆ ಸೈಟು, ಮನೆ ದಾನ ಕೊಡಬಹುದು. ಕೃಷಿ ಜಮೀನನ್ನು ದಾನ ಕೊಡಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ. ಅದೇ ಜಮೀನು ವಾರಸಿನಿಂದ, ಅಂದರೆ ವಿಲ್ ಅಥವಾ ಪೌತಿ ಮೂಲಕ, ಅವರಿಗೆ ಬರಬಹುದು. ಇಲ್ಲಿ ಆಯ್ಕೆಯೇ ಇಲ್ಲ, ವಿಲ್ಲೇ ದಾರಿ.

ಪಾಲುಪತ್ರ ಮತ್ತು ಹಕ್ಕು ಖುಲಾಸೆ

ಪಿತ್ರಾರ್ಜಿತ ಜಮೀನಿರುವ ಮಂಡ್ಯ ಕಡೆಯ ಕುಟುಂಬಗಳಿಗೆ ನಿಜವಾದ ಪ್ರಶ್ನೆ ಇದು. ಹಳಬರು ಪಾಲುಪಾರೀಖತ್ತು ಎನ್ನುತ್ತಾರೆ. ಆಗಲೇ ಹಕ್ಕಿರುವವರು ತಮ್ಮತಮ್ಮಲ್ಲಿ ಬೇರೆ ಮಾಡಿಕೊಳ್ಳುವ ಪತ್ರ ಇದು. ಶುಲ್ಕ ಪ್ರತಿ ಪಾಲಿಗೆ ಇಷ್ಟು ಎಂದು ನಿಗದಿಯಾಗಿದೆ. ಅಪ್ಪ ಎದುರಿಗೆ ಕೂತು, ಎಲ್ಲರೂ ಸಹಿ ಹಾಕಿ ನೋಂದಣಿ ಮಾಡಿಸಿದ ಪಾಲಿಗಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಖಾತೆಯೂ ಸಲೀಸು.

ಕಷ್ಟ ಇರುವುದು ಅದಕ್ಕೂ ಮುಂಚೆ. ಪಹಣಿ ಮೊದಲು ಬದುಕಿರುವವರ ಹೆಸರಿಗೆ ಬರಬೇಕು. ಸರ್ವೆ ನಂಬರನ್ನು ಒಡೆಯುವುದಾದರೆ 11ಇ ನಕ್ಷೆ, ಅಂದರೆ ಪ್ರತಿ ಭಾಗವನ್ನು ಅಳೆದು ಗುರುತಿಸಿದ ನಕ್ಷೆ, ಬೇಕು. ಅದಕ್ಕೆ ಅರ್ಜಿ ಹಾಕಿ ಭೂಮಾಪಕರು ಬರುವವರೆಗೆ ಕಾಯಬೇಕು. ಊರೊಳಗಿನ ಮನೆಯಾದರೆ ಇ-ಸ್ವತ್ತು, ಅಂದರೆ ಗ್ರಾಮ ಪಂಚಾಯಿತಿಯ ಆನ್‌ಲೈನ್ ಖಾತೆ, ಆಗಿರಬೇಕು. ನೀರು ಬರುವ ತೂಬಿನ ಪಕ್ಕದ ಗದ್ದೆ ಯಾರಿಗೆ, ಕೊನೆಯ ಒಣ ತಾಕು ಯಾರಿಗೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಗುಂಟೆ ಲೆಕ್ಕ ಸಮ ಮಾಡಿ ನೀರಿನ ಲೆಕ್ಕ ಮರೆತ ಪಾಲುಗಳೇ ಆಮೇಲೆ ಕೆಡುವುದು. ದಾರಿ, ಕಾಲುವೆ, ಬೋರ್‌ವೆಲ್, ಪಂಪ್‌ಸೆಟ್ಟಿನ ಕರೆಂಟ್ ಮೀಟರ್ ಯಾರದ್ದು, ಬದುವಿನ ತೆಂಗಿನ ಮರ ಯಾರದ್ದು, ಇವೆಲ್ಲ ಪತ್ರದಲ್ಲಿ ಬರಲಿ. ವಕೀಲರಿಗೆ ಇದು ಹೊಳೆಯದೆ ಇರಬಹುದು. ನೀವೇ ಹೇಳಬೇಕು.

ಇನ್ನು ಹೆಣ್ಣುಮಕ್ಕಳ ವಿಷಯ. "ನಂಗೇನೂ ಬ್ಯಾಡ ಕಣಣ್ಣ, ತವ್ರು ಒಂದಿದ್ರೆ ಸಾಕು" ಎಂದು ಅಕ್ಕ ಹಬ್ಬಕ್ಕೆ ಬಂದಾಗ ಹೇಳಿದ್ದನ್ನು ನಂಬಿಕೊಂಡು ಅಣ್ಣತಮ್ಮಂದಿರಷ್ಟೇ ಪಾಲು ಮಾಡಿಕೊಂಡರೆ ಆ ಪಾಲಿಗೆ ಬುಡವೇ ಇಲ್ಲ. ಆಕೆ ನಿಜವಾಗಿ ಬಿಡುವುದಾದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬೇಕು. ಬಾಯಿಮಾತು ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಹಿ ಕೇಳುವ ಮೊದಲು ಆಕೆಗೆ ಏನು ಕೊಡುತ್ತೀರಿ ಎಂದು ಹೇಳಿ. ದುಡ್ಡು ಕೊಡುವುದಾದರೆ ಚೆಕ್ಕಿನಲ್ಲಿ ಕೊಟ್ಟು ಪತ್ರದಲ್ಲೇ ನಮೂದಿಸಿ. ಸೀರೆ ಕೊಟ್ಟು ಸಹಿ ಪಡೆದ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು.

ಜಮೀನು ಸರ್ಕಾರದ ಮಂಜೂರಾತಿಯಿಂದ ಬಂದದ್ದಾದರೆ, ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟದ್ದಾದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯ ನಿರ್ಬಂಧಗಳಿವೆ. ಯಾವ ಪತ್ರ ಬರೆಸುವ ಮೊದಲೂ ಮಂಜೂರಾತಿಯ ಷರತ್ತು ಓದಿಸಿ.

ಟ್ರಸ್ಟ್, ಜಿಪಿಎ

ಟ್ರಸ್ಟ್, ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಆಸ್ತಿ ನೋಡಿಕೊಳ್ಳುವ ವ್ಯವಸ್ಥೆ, ಹೆಚ್ಚಿನ ಮನೆಗಳಿಗೆ ಬೇಡ. ಖರ್ಚು ಜಾಸ್ತಿ, ಪ್ರತಿ ವರ್ಷ ಲೆಕ್ಕಪತ್ರ. ಆದರೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಮಗ ಅಥವಾ ಮಗಳಿದ್ದರೆ ಬೇರೆ ಯಾವ ಪತ್ರವೂ ಅದಕ್ಕೆ ಸಮನಲ್ಲ.

ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ, ಆಯ್ಕೆಯೇ ಅಲ್ಲ. ಕೊಟ್ಟವರು ತೀರಿಕೊಂಡ ದಿನವೇ ಅದು ಮುಗಿಯುತ್ತದೆ. "ಜಿಪಿಎ ಇದೆ, ವಿಲ್ ಯಾಕೆ?" ಎನ್ನುವವರಿಗೆ ಇದಿಷ್ಟೇ ಉತ್ತರ.

ತೀರಿಕೊಂಡ ಮೇಲೆ: ಪ್ರೊಬೇಟ್ ಬೇಕಾ?

ಪ್ರೊಬೇಟ್ ಅಂದರೆ ವಿಲ್ ನಿಜವಾದದ್ದು ಎಂದು ಕೋರ್ಟ್ ಕೊಡುವ ಮುದ್ರೆ. ಅದು ಕಡ್ಡಾಯ ಎಂಬ ಹಳೆಯ ನಿಯಮ ಮದ್ರಾಸು, ಬೊಂಬಾಯಿ, ಕಲ್ಕತ್ತದ ಕಡೆಯದ್ದು. ಮೈಸೂರು-ಮಂಡ್ಯದ ಆಸ್ತಿಗೆ ಇಲ್ಲಿನ ಹಿಂದೂ ಕುಟುಂಬದವರು ಬರೆದ ವಿಲ್‌ಗೆ ಅದು ಕಡ್ಡಾಯವಾಗಿರಲಿಲ್ಲ, ಈಗಲೂ ಅಲ್ಲ. ಚೆನ್ನೈ, ಮುಂಬೈಯಲ್ಲಿರುವ ನೆಂಟರು ಹೇಳಿದ್ದನ್ನು ಕೇಳಿ ಗಾಬರಿಯಾಗಬೇಡಿ.

ಎಲ್ಲರೂ ಒಪ್ಪಿದ್ದರೆ ವಿಲ್, ಮರಣ ಪ್ರಮಾಣಪತ್ರ ಹಿಡಿದು ನೇರ ಖಾತೆಗೆ ಅರ್ಜಿ ಹಾಕಿ. ತಕರಾರು ಖಚಿತ ಎಂದಾದರೆ, ಅಥವಾ ಬ್ಯಾಂಕು, ಕಂಪನಿಯವರು ಪಟ್ಟು ಹಿಡಿದರೆ ಜಿಲ್ಲಾ ನ್ಯಾಯಾಲಯದಲ್ಲಿ ಪ್ರೊಬೇಟ್ ಕೇಳಬಹುದು. ಅದನ್ನು ಕೇಳಲು ವಿಲ್‌ನಲ್ಲಿ ಹೆಸರಿಸಿದ ಎಕ್ಸಿಕ್ಯೂಟರ್‌ಗೆ ಮಾತ್ರ ಹಕ್ಕು. ಹೆಸರಿಸಿಲ್ಲದಿದ್ದರೆ ಆಡಳಿತ ಪತ್ರ ಎಂಬ ಬೇರೆ ಅರ್ಜಿ. ಯಾರಾದರೂ ವಿರೋಧಿಸಿದರೆ ಅದು ದಾವೆಯಂತೆಯೇ ನಡೆಯುತ್ತದೆ, ಸಮಯವೂ ಅಷ್ಟೇ ಹಿಡಿಯುತ್ತದೆ. ಒಮ್ಮೆ ಸಿಕ್ಕರೆ ಮಾತ್ರ ಎಲ್ಲರ ಮೇಲೂ ನಡೆಯುತ್ತದೆ. ಹಾಗೆಂದು ಆಸ್ತಿ ನಿಜವಾಗಿ ಬರೆದವರದ್ದೇ ಆಗಿತ್ತಾ ಎಂಬ ಪ್ರಶ್ನೆಯನ್ನು ಪ್ರೊಬೇಟ್ ತೀರ್ಮಾನಿಸುವುದಿಲ್ಲ.

ವಿಲ್ ಇಲ್ಲ, ಬ್ಯಾಂಕಿನಲ್ಲಿ ಹಣ ಇದೆ, ನಾಮಿನಿಯೂ ಇಲ್ಲ, ಮೊತ್ತ ಮಿತಿ ಮೀರಿದೆ ಎಂದರೆ ಉತ್ತರಾಧಿಕಾರ ಪ್ರಮಾಣಪತ್ರ, ಅಂದರೆ ಸಕ್ಸೆಷನ್ ಸರ್ಟಿಫಿಕೇಟ್. ಅದು ಹಣ, ಷೇರು, ಬಾಕಿಗಳಿಗೆ ಮಾತ್ರ. ಮನೆ, ಜಮೀನಿಗೆ ಅದು ಕೆಲಸಕ್ಕೆ ಬಾರದು. ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕವೂ ಇದೆ. ಅರ್ಜಿ ಹಾಕುವ ಮುಂಚೆ ಎಲ್ಲ ಖಾತೆಗಳ ಪಟ್ಟಿ ಮಾಡಿಕೊಳ್ಳಿ.

ಯಾರ ಹತ್ತಿರ ಬರೆಸುವುದು?

ಒಬ್ಬರೇ ಮಾಲೀಕರು, ಖಾತೆ ಸರಿಯಾಗಿದೆ, ಹೆಂಡತಿಗೆ ಸರಳ ವಿಲ್ ಎಂದರೆ ಅನುಭವಿ ಪತ್ರ ಬರಹಗಾರರೇ ಸಾಕು. ಸಿವಿಲ್ ವಕೀಲರು ಬೇಕಾಗುವುದು ಪಿತ್ರಾರ್ಜಿತ ಇದ್ದಾಗ, ಎರಡನೇ ಮದುವೆಯ ಮಕ್ಕಳಿದ್ದಾಗ, ಷರತ್ತಿನ ದಾನ ಬರೆಸುವಾಗ. ಅವರ ಶುಲ್ಕವನ್ನು ಮುಂಚೆಯೇ ಕೇಳಿ: ಬರೆಯುವುದಕ್ಕೆಷ್ಟು, ನೋಂದಣಿಗೆ ಜೊತೆ ಬರುವುದಕ್ಕೆಷ್ಟು. ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕೇಳಿದರೆ ಇನ್ನೊಬ್ಬರನ್ನೂ ವಿಚಾರಿಸಿ. ಆನ್‌ಲೈನ್ ಮಾದರಿಗಳು ಯೋಚನೆ ಮಾಡಲು ಒಳ್ಳೆಯವು. ಆದರೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಸರ್ವೆ ನಂಬರು, ಹಿಸ್ಸಾ (ಅದರ ಉಪಭಾಗ) ಎಲ್ಲ ಅವುಗಳಲ್ಲಿ ಸರಿಯಾಗಿ ಕೂರುವುದಿಲ್ಲ.

ದುಡ್ಡಿಲ್ಲ ಎಂದು ಬಿಡಬೇಡಿ. ಮೈಸೂರು, ಮಂಡ್ಯ ಎರಡರಲ್ಲೂ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಆಗಲೇ ಪಾಲಿನ ಕೇಸು ನಡೆಯುತ್ತಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿ ಆಗಬಹುದು. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.

ನಿಮ್ಮ ಮನೆಗೆ ಯಾವುದು?

ನಿವೃತ್ತ ದಂಪತಿ, ಸ್ವಂತ ಮನೆ, ಇಬ್ಬರು ಮಕ್ಕಳು: ಮನೆಗೆ ನೋಂದಾಯಿತ ವಿಲ್. ಮೊದಲು ಗಂಡ-ಹೆಂಡತಿ ಒಬ್ಬರಿಗೊಬ್ಬರು, ಆಮೇಲೆ ಮಕ್ಕಳಿಗೆ. ಇಬ್ಬರೂ ಬೇರೆ ಬೇರೆ ವಿಲ್ ಬರೆಯಿರಿ. ಖಾಲಿ ಸೈಟು ಒಂದು ಹೆಚ್ಚಾಗಿದ್ದರೆ, ಅದಿಲ್ಲದೆಯೂ ನಿಮ್ಮ ಜೀವನ ನಡೆಯುತ್ತದೆ ಎಂದಾದರೆ, ಅದನ್ನು ಮಗಳಿಗೆ ಈಗಲೇ ದಾನ ಕೊಡಿ.

ಪಿತ್ರಾರ್ಜಿತ ಗದ್ದೆ, ಅಪ್ಪ ಇನ್ನೂ ಗಟ್ಟಿಯಾಗಿದ್ದಾರೆ: ಈ ಬೇಸಿಗೆಯಲ್ಲೇ ಪೌತಿ ಖಾತೆ ಸರಿಮಾಡಿಸಿ, ಅಳತೆಗೆ ಅರ್ಜಿ ಹಾಕಿ, ಅಕ್ಕತಂಗಿಯರನ್ನೂ ಕೂರಿಸಿ ಪಾಲುಪತ್ರ ಮಾಡಿ. ವಿಲ್ ಇಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಒಬ್ಬ ಮಗ ಜೊತೆಗಿದ್ದು ನೋಡಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ದೂರವಿದ್ದು ಜಗಳವಾಡುತ್ತಾನೆ: ದಾನಪತ್ರ ಸರಿಹೋಗುವ ಅಪರೂಪದ ಜಾಗ ಇದು. ವಾಸದ ಹಕ್ಕು, ನೋಡಿಕೊಳ್ಳುವ ಷರತ್ತು ಎರಡನ್ನೂ ಬರೆಸಿಯೇ ಕೊಡಿ.

ಮಕ್ಕಳಿಲ್ಲದ ವಿಧವೆ, ತನ್ನ ಸಂಬಳದಲ್ಲಿ ಫ್ಲ್ಯಾಟ್ ಕೊಂಡಿದ್ದಾರೆ, ವಯಸ್ಸಾದ ತಾಯಿಯನ್ನು ಸಾಕುತ್ತಿದ್ದಾರೆ: ಇವರು ತಡ ಮಾಡಲೇಬಾರದು. ವಿಲ್ ಇಲ್ಲದೆ ಆಕೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ಆ ಫ್ಲ್ಯಾಟ್ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ, ಅವರು ಎಂದೋ ಮಾತು ಬಿಟ್ಟವರಾಗಿದ್ದರೂ ಸರಿ. ತಾಯಿಯ ಸರದಿ ಬರುವುದು ಅವರಾರೂ ಇಲ್ಲದಿದ್ದಾಗ. ಒಂದು ಹಾಳೆ, ಆಕೆಯ ಸಹಿ, ಇಬ್ಬರು ಸಾಕ್ಷಿಗಳು ಇದ್ದರೆ ಫ್ಲ್ಯಾಟ್ ತಾಯಿಗೆ ಸಿಗುತ್ತದೆ. ತಾಯಿಯೇ ಮೊದಲು ಹೋದರೆ ಆಮೇಲೆ ಯಾರಿಗೆ ಎಂಬ ಸಾಲನ್ನೂ ಅದರಲ್ಲೇ ಬರೆಯಲಿ. ನೋಂದಣಿಯನ್ನು ಮುಂದಿನ ವಾರ ಬೇಕಾದರೂ ಮಾಡಿಸಬಹುದು.